ಫಿಟ್ಸ್ ಹೆಡರಲ್ಲಿ ಡಿಗ್ರಿ ಚಿಹ್ನೆ ಹಾಕಬಹುದಾ?

ಪ್ರಶ್ನೆ: ಟೆಲಿಸ್ಕೋಪ್ ಇಮೇಜಿನ ಫಿಟ್ಸ್ ಫೈಲಲ್ಲಿ (ಖಗೋಳ ಡೇಟಾ ಇಡೋ ಫಾರ್ಮ್ಯಾಟು) ಹೆಡರಿನ, ಅಂದ್ರೆ ಇಮೇಜಿನ ವಿವರ ಇರೋ ಭಾಗದ, ಕಾಮೆಂಟ್ ಸಾಲಿಗೆ ಕ್ಯಾಮೆರಾ ಟೆಂಪರೇಚರ್ ಬರೆಯೋಕೆ ಹೋದೆ, ° ಹಾಕಿದ ತಕ್ಷಣ ಆಸ್ಟ್ರೋಪೈ (ಪೈಥಾನ್ ಲೈಬ್ರರಿ) ಎರರ್ ಕೊಡ್ತು. ಟ್ಯಾಬ್ ಹಾಕಿದ್ರೂ ಅದೇ ಕಥೆ. ಫಿಟ್ಸ್ ಸ್ಟ್ಯಾಂಡರ್ಡಲ್ಲಿ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಕೋಡ್ ನಂಬರ್ ಕೊಡೋ ಪದ್ಧತಿ) ಅಂತಿದೆ, ಟ್ಯಾಬ್ ಆಸ್ಕಿನೇ ಅಲ್ವಾ? ಅದೂ ಅಲ್ದೆ ಕಾಮೆಂಟ್ ಇರೋದು ಮನುಷ್ಯರು ಓದೋಕೆ ತಾನೇ?

ಉತ್ತರ: ಆಸ್ಟ್ರೋಪೈದು ತಪ್ಪಿಲ್ಲ ಬಿಡಿ. ಎಡವಟ್ಟಾಗೋದು ಎಲ್ಲಿ ಅಂದ್ರೆ, ಸ್ಟ್ಯಾಂಡರ್ಡ್ ಶುರುವಲ್ಲೇ ಕೊಟ್ಟಿರೋ ವ್ಯಾಖ್ಯೆಗಳನ್ನ ಯಾರೂ ಓದಲ್ಲ, ಸೀದಾ ಟೇಬಲ್‌ಗೆ ಹಾರ್ತಾರೆ. ಅಲ್ಲಿ 'ಆಸ್ಕಿ ಕ್ಯಾರೆಕ್ಟರ್' ಬೇರೆ, 'ಆಸ್ಕಿ ಟೆಕ್ಸ್ಟ್' ಬೇರೆ. ಮೊದಲನೇದು 7 ಬಿಟ್‌ನ ಪೂರ್ತಿ ಸೆಟ್, ಎರಡನೇದು 32ರಿಂದ 126ರವರೆಗಿನ ಕೋಡ್‌ಗಳು ಮಾತ್ರ. ಹೆಡರಲ್ಲಿ ಎರಡನೇದಕ್ಕಷ್ಟೇ ಪರ್ಮಿಷನ್ನು, ಕಾಮೆಂಟಿಗೂ ಅದೇ ರೂಲು. ಟ್ಯಾಬ್ ಕೋಡ್ 9, ಹೊಸ ಸಾಲಿಂದು 10, ಹಾಗಾಗಿ ಎರಡೂ ಔಟ್. ಡಿಗ್ರಿ ಚಿಹ್ನೆ ಅಂತೂ ಆಸ್ಕಿಲೇ ಇಲ್ಲ.

ಇಷ್ಟು ಬಿಗಿ ಯಾಕೆ ಅಂದ್ರೆ, ಹೆಡರಲ್ಲಿ ಒಂದೊಂದು ಕಾರ್ಡೂ (ಅಂದ್ರೆ ಒಂದೊಂದು ಸಾಲೂ) ಕರೆಕ್ಟಾಗಿ 80 ಬೈಟು, ಅಂಥ 36 ಸೇರಿದ್ರೆ 2880 ಬೈಟಿನ ಒಂದು ಬ್ಲಾಕು, ಸಾಲು ಮುಗೀತು ಅನ್ನೋಕೆ ಬೇರೆ ಯಾವ ಗುರುತೂ ಇಲ್ಲ, ಓದೋ ಪ್ರೋಗ್ರಾಮು ಬರೀ ಎಣಿಸ್ಕೊಂಡು ಹೋಗುತ್ತೆ. ಯುಟಿಎಫ್-8ರಲ್ಲಿ (ಎಲ್ಲಾ ಭಾಷೆಯ ಅಕ್ಷರಗಳನ್ನ ಬೈಟುಗಳಲ್ಲಿ ಬರೆಯೋ ಪದ್ಧತಿ) ° ಅಂದ್ರೆ 194, 176 ಅಂತ ಎರಡು ಬೈಟು. ನೀವು 80 ಅಕ್ಷರ ಎಣಿಸಿ ಬರೆದ್ರಿ ಅನ್ಕೊಳ್ಳಿ, ಫೈಲಿಗೆ ಹೋಗಿದ್ದು 81, ಅಲ್ಲಿಂದಾಚೆಗೆ ಎಲ್ಲಾ ಕಾರ್ಡೂ ಒಂದೊಂದು ಬೈಟ್ ಜರುಗಿ ಕೂತ್ಕೊಳುತ್ತೆ, ಕೊನೆಗೆ ಹೆಡರ್ ಮುಗೀತು ಅನ್ನೋ 'ಎಂಡ್' ಕಾರ್ಡೇ ಸಿಗಲ್ಲ. ಕನ್ನಡದ 'ಕ್ಷ' ಹಾಕಿದ್ರಂತೂ ಒಂದಕ್ಷರಕ್ಕೇ 9 ಬೈಟು!

ಕೀವರ್ಡ್ ಹೆಸರಿಗೆ (ಕಾರ್ಡಿನ ಶುರುವಲ್ಲಿ ಬರೋದು) ಇನ್ನೂ ಬಿಗಿ: ಹೆಚ್ಚಂದ್ರೆ 8 ಅಕ್ಷರ, ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್, ಅಷ್ಟೇ. ಆದ್ರೆ ಟೇಬಲ್ ಕಾಲಮ್ ಹೆಸರಲ್ಲಿ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಬಳಸಿ ಅನ್ನೋದು ಬರೀ ಶಿಫಾರಸು. 'ಶಲ್' ಅಂತಿದ್ರೆ ಕಡ್ಡಾಯ, 'ಶುಡ್' ಅಂತಿದ್ರೆ ಸಲಹೆ, ಓದುವಾಗ ಇದೊಂದು ನೋಡ್ಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಸ್ಟ್ರಿಂಗ್ ವ್ಯಾಲ್ಯೂ ಒಳಗೆ ಸಿಂಗಲ್ ಕೋಟ್ ಬೇಕಂದ್ರೆ ಅದನ್ನ ಎರಡು ಸಲ ಒತ್ತಬೇಕು ('' ಹೀಗೆ), ಡಬಲ್ ಕೋಟ್ ಹಾಕಿದ್ರೆ ನಡೆಯಲ್ಲ.

ನಿಮ್ಮ ಕೆಲಸಕ್ಕೆ: ಡಿಗ್ರಿ ಬದಲು ಇಂಗ್ಲಿಷಲ್ಲಿ ಡಿ-ಇ-ಜಿ ಅಂತ ಬರೀರಿ, ಮೈಕ್ರೋ ಚಿಹ್ನೆ ಬದಲು ಸಣ್ಣ ಯು. ಕನ್ನಡ ಹೆಸರು ಬೇಕೇ ಬೇಕು ಅಂದ್ರೆ ಬೈನರಿ ಟೇಬಲ್‌ನ ಟೆಕ್ಸ್ಟ್ ಕಾಲಮ್ಮಿಗೆ ತುರುಕೋಕೆ ಹೋಗ್ಬೇಡಿ, ಅಲ್ಲೂ ಅದೇ ಆಸ್ಕಿ ಟೆಕ್ಸ್ಟೇ, ಜೊತೆಗೆ ಸ್ಟ್ರಿಂಗ್ ಮುಗಿಸೋಕೆ ನಲ್ (ಕೋಡ್ 0) ಒಂದಕ್ಕೆ ಅವಕಾಶ ಇದೆ. ಬೈಟ್ ಕಾಲಮ್ ಮಾಡಿ ಯುಟಿಎಫ್-8 ಬೈಟುಗಳನ್ನ ಹಾಕಿದ್ರೆ ರೂಲಿಗೇನೂ ಧಕ್ಕೆ ಇಲ್ಲ, ಆದ್ರೆ ಓದೋ ಸಾಫ್ಟ್‌ವೇರಿಗೆ ಅವು ಬರೀ ನಂಬರ್‌ಗಳು, ಅದು ಯುಟಿಎಫ್-8 ಅಂತ ಒಂದು ಕಾಮೆಂಟಲ್ಲಿ, ಆಸ್ಕಿಲೇ, ಬರೆದಿಡಿ.