ಜೆರ್ಸಿ ಬದಲಾಯಿಸಿದವನದೇ ತಪ್ಪೇ?

ಶಿವಮೊಗ್ಗದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹಿಂದಿನ ಸಂಚಿಕೆಯಲ್ಲಿ ನಾವು ಆಲ್ಫ್ರೆಡೊ ಡಿ ಸ್ಟೆಫಾನೊ ಅವರನ್ನು ಫುಟ್‌ಬಾಲಿನ ಅತಿ ದೊಡ್ಡ ಆಟಗಾರರ ಸಾಲಿನಲ್ಲಿ ಕೂರಿಸಿದ್ದು ಅವರಿಗೆ ಹಿಡಿಸಿಲ್ಲ. ಅವರ ತಕರಾರು ಇದು: "ಅರ್ಜೆಂಟೀನಾ, ಕೊಲಂಬಿಯಾ, ಸ್ಪೇನ್ ಅಂತ ಮೂರು ದೇಶದ ಜೆರ್ಸಿ ಹಾಕಿದ ಮನುಷ್ಯ. ದುಡ್ಡು ಜಾಸ್ತಿ ಸಿಕ್ಕ ಕಡೆ ಹೋದವನು. ವಿಶ್ವಕಪ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ನಮ್ಮ ಹುಡುಗರಿಗೆ ಇಂಥವನನ್ನು ಮಾದರಿ ಅಂತ ತೋರಿಸುವುದು ಸರಿಯೇ?"

ಮಾನ್ಯರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಒಂದೇ ಕ್ಲಬ್ಬಿನಲ್ಲಿ ಹುಟ್ಟಿ ಬೆಳೆದು ಅಲ್ಲೇ ಬೂಟು ಬಿಚ್ಚಿಡುವ ಆಟಗಾರನ ಮೇಲೆ ಅಭಿಮಾನ ಸಹಜ. 1949ರಲ್ಲಿ ಡಿ ಸ್ಟೆಫಾನೊ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಬಿಟ್ಟು ಹೊರಟಾಗ ಅಲ್ಲಿನ ರಿವರ್ ಪ್ಲೇಟ್ ಕ್ಲಬ್ಬಿನ ಅಭಿಮಾನಿಗಳಿಗೆ ನೋವಾಗಿದ್ದೂ ನಿಜ. ಆದರೆ ಅವರು ಯಾಕೆ ಹೊರಟರು ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಇಷ್ಟೆಲ್ಲ ಓದಿಕೊಂಡ ನೀವು ಅದನ್ನು ಬಿಟ್ಟಿರಲ್ಲ ಎಂಬುದೇ ನನ್ನ ಬೇಸರ.

ಡಿ ಸ್ಟೆಫಾನೊ ಹುಟ್ಟಿದ್ದು 1926ರಲ್ಲಿ, ಬ್ಯೂನಸ್ ಐರಿಸ್‌ನ ಬಾರಾಕಾಸ್‌ನಲ್ಲಿ. ಅಪ್ಪನೂ ರಿವರ್ ಪ್ಲೇಟ್‌ಗೆ ಆಡಿದವರೇ. ಮಗ 1945ರಲ್ಲಿ ಅದೇ ಕ್ಲಬ್ಬಿಗೆ ಬಂದ. ಮುಂದಿನ ವರ್ಷ ಕ್ಲಬ್ ಅವನನ್ನು ಉರಾಕಾನ್ ತಂಡಕ್ಕೆ ಎರವಲು ಕೊಟ್ಟಿತು. ಆಗ ಅವನ ಅಭಿಪ್ರಾಯಕ್ಕೆ ಬೆಲೆ ಎಷ್ಟಿತ್ತು ಹೇಳಿ? ವಾಪಸ್ ಬಂದು 1947ರ ಲೀಗ್‌ನಲ್ಲಿ 27 ಗೋಲು ಹೊಡೆದ. ರಿವರ್ ಚಾಂಪಿಯನ್ ಆಯಿತು. ಅದೇ ವರ್ಷ ಗ್ವಾಯಾಕಿಲ್‌ನಲ್ಲಿ ನಡೆದ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಅರ್ಜೆಂಟೀನಾ ಪರ 6 ಪಂದ್ಯ, 6 ಗೋಲು. ಕಪ್ಪೂ ಅವರದೇ.

ಮರುವರ್ಷ ಆಟಗಾರರ ಮುಷ್ಕರ. ಅರ್ಜೆಂಟೀನಾದ ಆಟಗಾರರು 1944ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಅವರು ಕೇಳಿದ್ದು ಬಂಗಲೆ, ಕಾರು ಅಲ್ಲ. ನಮ್ಮ ಸಂಘವನ್ನು ಒಪ್ಪಿಕೊಳ್ಳಿ, ಕನಿಷ್ಠ ಸಂಬಳ ಗೊತ್ತು ಮಾಡಿ, ಕರಾರಿನಲ್ಲಿ ನಮ್ಮ ಮಾತೂ ನಡೆಯಲಿ ಅಂದರು. ಕ್ಲಬ್ಬುಗಳು ಬಗ್ಗಲಿಲ್ಲ. ಎಳೆ ಹುಡುಗರನ್ನು ಇಳಿಸಿ 1948ರ ಲೀಗ್ ಮುಗಿಸಿಬಿಟ್ಟವು! ಸಾವಿರಾರು ಜನ ದುಡ್ಡು ಕೊಟ್ಟು ಬರುವ ಆಟದಲ್ಲಿ ಆಡುವವನಿಗೆ ಮಾತ್ರ ಬಾಯಿಲ್ಲ. ಅವನನ್ನು ಇಟ್ಟುಕೊಳ್ಳುವ, ಕಳಿಸುವ, ಮಾರುವ ಹಕ್ಕೆಲ್ಲ ಕ್ಲಬ್ಬಿನದು. ನಿಷ್ಠೆ ಮಾತ್ರ ಅವನೊಬ್ಬನಿಂದ ಬೇಕು. ಇದು ಯಾವ ನ್ಯಾಯ?

ಆ ಹೊತ್ತಿಗೆ ಕೊಲಂಬಿಯಾದ ಹೊಸ ಲೀಗ್ ಕೈಬೀಸಿ ಕರೆಯಿತು. ತನ್ನ ದೇಶದ ಫೆಡರೇಷನ್ ಜೊತೆ ಜಗಳವಾಡಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದಿಂದ ಹೊರಗೆ ಬಿದ್ದಿದ್ದ ಲೀಗ್ ಅದು. ಹಾಗಾಗಿ ಹಳೇ ಕ್ಲಬ್ಬುಗಳಿಗೆ ವರ್ಗಾವಣೆಯ ಹಣ ಕಟ್ಟುತ್ತಿರಲಿಲ್ಲ. ದುಡ್ಡು ನೇರವಾಗಿ ಆಟಗಾರನ ಕೈಗೇ ಹೋಗುತ್ತಿತ್ತು. ಅರ್ಜೆಂಟೀನಾದ ಆಟಗಾರ ಪೆಡೆರ್ನೆರಾ ಮೊದಲು ಕೊಲಂಬಿಯಾದ ರಾಜಧಾನಿ ಬೊಗೊಟಾದ ಮಿಲಿಯೊನಾರಿಯೊಸ್ ಕ್ಲಬ್ ಸೇರಿದರು. ಹಿಂದೆಯೇ ಅದೇ ದೇಶದ ರೊಸ್ಸಿ, ಡಿ ಸ್ಟೆಫಾನೊ ಹೋದರು. ಇಂಗ್ಲೆಂಡಿನಿಂದಲೂ ಜನ ಬಂದರು. ಅಲ್ಲಿ ಎಷ್ಟೇ ದೊಡ್ಡ ಆಟಗಾರನಿಗೂ ವಾರಕ್ಕೆ 12 ಪೌಂಡ್ ದಾಟಿ ಸಂಬಳ ಕೊಡುವಂತಿರಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಚಾರ್ಲಿ ಮಿಟನ್ 1950ರಲ್ಲಿ ಬೊಗೊಟಾಕ್ಕೆ ಹೋಗಿ, ಒಂದು ವರ್ಷ ಆಡಿ ಊರಿಗೆ ಮರಳಿದರು. ಸಿಕ್ಕ ಸ್ವಾಗತ 6 ತಿಂಗಳ ನಿಷೇಧ, 250 ಪೌಂಡ್ ದಂಡ. ನೀಲ್ ಫ್ರಾಂಕ್ಲಿನ್ ಇಂಗ್ಲೆಂಡ್ ತಂಡದ ಬೆನ್ನೆಲುಬಾಗಿದ್ದವರು. ಬೊಗೊಟಾಕ್ಕೆ ಹೋಗಿಬಂದ ಮೇಲೆ ದೇಶದ ಪರ ಮತ್ತೆಂದೂ ಆಡಲಿಲ್ಲ. ದುಡ್ಡಿಗೆ ಹೋದವರು ಅಂತ ಇವರನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ನಿಮ್ಮ ಮಗ ಒಳ್ಳೇ ಸಂಬಳ ಸಿಗುತ್ತದೆಂದು ಬೇರೆ ಊರಿಗೆ ಹೋದರೆ ನೀವೇ ಬಸ್ ಹತ್ತಿಸಿ ಬರುತ್ತೀರಿ, ಅಲ್ವಾ?

ಇನ್ನು ಆಟದ ವಿಷಯ. ಮಿಲಿಯೊನಾರಿಯೊಸ್ ತಂಡವನ್ನು ಜನ 'ನೀಲಿ ಬ್ಯಾಲೆ' ಅಂತ ಕರೆದರು. 1952ರ ಮಾರ್ಚ್‌ನಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ತನ್ನ 50ನೇ ವರ್ಷದ ಸಂಭ್ರಮಕ್ಕೆ ಈ ತಂಡವನ್ನು ಕರೆಸಿತು. ಅತಿಥಿಗಳು ಆತಿಥೇಯರನ್ನು 4-2ರಿಂದ ಸೋಲಿಸಿದರು. ಡಿ ಸ್ಟೆಫಾನೊ ಎರಡು ಗೋಲು. ಅಲ್ಲಿಂದ ಶುರುವಾಯಿತು ಎಳೆದಾಟ. ಸ್ಪೇನಿನದೇ ಇನ್ನೊಂದು ಕ್ಲಬ್ ಬಾರ್ಸಿಲೋನಾ, ಆಟಗಾರನ ಹಕ್ಕು ತನ್ನದೆನ್ನುತ್ತಿದ್ದ ರಿವರ್ ಪ್ಲೇಟ್ ಜೊತೆ ವ್ಯವಹಾರ ಕುದುರಿಸಿತು, ಮ್ಯಾಡ್ರಿಡ್ ಮಿಲಿಯೊನಾರಿಯೊಸ್ ಜೊತೆ. 1953ರಲ್ಲಿ ಸ್ಪೇನಿನ ಅಧಿಕಾರಿಗಳು ಕೊಟ್ಟ ತೀರ್ಪು ಕೇಳಿ: ನಾಲ್ಕು ವರ್ಷ, ಒಂದು ವರ್ಷ ಇವರಿಗೆ ಆಡಲಿ, ಮರುವರ್ಷ ಅವರಿಗೆ. ಬಾಡಿಗೆ ಟ್ರ್ಯಾಕ್ಟರಿನ ಹಾಗೆ ಮನುಷ್ಯನನ್ನು ಸರದಿ ಹಾಕಿದರು! ಬಾರ್ಸಿಲೋನಾ ಬೇಸತ್ತು ತನ್ನ ಪಾಲು ಬಿಟ್ಟುಕೊಟ್ಟಿತು. ಆಟಗಾರ ನಿಷ್ಠೆ ಬದಲಾಯಿಸಿದ ಅಂತೀರಿ. ಈ ಇಡೀ ಪ್ರಕರಣದಲ್ಲಿ ಅವನನ್ನು ಕೇಳಿದವರು ಯಾರು?

ಮ್ಯಾಡ್ರಿಡ್‌ಗೆ ಬಂದ ಮೊದಲ ಋತುವಿನಲ್ಲೇ ಕ್ಲಬ್ ಲೀಗ್ ಗೆದ್ದಿತು. ಅದಕ್ಕೆ ಮುಂಚೆ ಗೆದ್ದಿದ್ದು 1933ರಲ್ಲಿ. 1956ರಿಂದ 1960ರವರೆಗೆ ಸತತ ಐದು ಯುರೋಪಿಯನ್ ಕಪ್, ಐದೂ ಫೈನಲ್‌ಗಳಲ್ಲಿ ಇವರ ಗೋಲು. ಸ್ವಂತ ಪೆನಾಲ್ಟಿ ಪ್ರದೇಶದ ಹತ್ತಿರ ಚೆಂಡು ಕಸಿದು, ನಡುವೆ ಬಂದು ಹಂಚಿ, ಕೊನೆಗೆ ಎದುರಾಳಿಯ ಗೋಲಿನ ಮುಂದೆ ತಾವೇ ನಿಂತಿರುತ್ತಿದ್ದರು. ಮುಂಪಡೆಯವನು ಮುಂದೆಯೇ ಕಾಯುತ್ತಿದ್ದ ಕಾಲದಲ್ಲಿ ಮೈದಾನದ ಉದ್ದಕ್ಕೂ ದುಡಿದವರು ಇವರು. 1960ರ ಗ್ಲಾಸ್ಗೋ ಫೈನಲ್‌ನಲ್ಲಿ ಫ್ರಾಂಕ್‌ಫರ್ಟ್ ಮೇಲೆ 7-3. ನಾಲ್ಕು ಗೋಲು ಜೊತೆ ಆಟಗಾರ ಪುಶ್ಕಾಶ್‌ರದು, ಮೂರು ಇವರದು. ಆ ಪಂದ್ಯದ ಚಿತ್ರೀಕರಣ ಈಗಲೂ ಸಿಗುತ್ತದೆ. ದಯವಿಟ್ಟು ನೋಡಿ, ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.

ವಿಶ್ವಕಪ್ ಆಡಲಿಲ್ಲ ಅಂದಿರಿ. 1950ರಲ್ಲಿ, 1954ರಲ್ಲಿ ಅರ್ಜೆಂಟೀನಾವೇ ಹೋಗಲಿಲ್ಲ. ಆಮೇಲೆ ಅವರು ಆಡಿದ ಸ್ಪೇನ್ 1958ಕ್ಕೆ ಅರ್ಹತೆ ಪಡೆಯಲಿಲ್ಲ. 1962ರಲ್ಲಿ ಚಿಲಿಗೆ ಹೋದಾಗ ಅವರಿಗೆ 36 ತುಂಬುವುದರಲ್ಲಿತ್ತು. ಗಾಯದಿಂದ ಮೈದಾನಕ್ಕೆ ಇಳಿಯಲಿಲ್ಲ. ಇದರಲ್ಲಿ ಅವರ ಯೋಗ್ಯತೆಯ ಪ್ರಶ್ನೆ ಎಲ್ಲಿ ಬಂತು? ನಾಲ್ಕು ವರ್ಷಕ್ಕೊಮ್ಮೆ ಟಿವಿ ಹಚ್ಚಿ ಫುಟ್‌ಬಾಲ್ ನೋಡುವ ಅಭ್ಯಾಸ ನಮ್ಮದು. ಆ ಒಂದು ತಿಂಗಳಿನ ಅಳತೆಗೋಲನ್ನೇ ಎಲ್ಲರಿಗೂ ಹಿಡಿಯುತ್ತೇವೆ. 1950ರ ವಿಶ್ವಕಪ್‌ಗೆ ನಮ್ಮ ಭಾರತ ತಂಡಕ್ಕೂ ಜಾಗ ಸಿಕ್ಕಿತ್ತು, ನಮ್ಮವರು ಹೋಗಲಿಲ್ಲ. ಅದಕ್ಕೆ ಆ ಕಾಲದ ನಮ್ಮ ಆಟಗಾರರೆಲ್ಲ ಸಣ್ಣವರಾಗಿಬಿಟ್ಟರೇ?

ಇಲ್ಲೇ ನನ್ನ ಹಳೇ ಕೊರಗು ಮೇಲೆ ಬರುತ್ತದೆ. ಅಹ್ಮದ್ ಖಾನ್ ಬೆಂಗಳೂರಿನ ಹುಡುಗ. 1948, 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದರು. ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಜನ 'ಪಂಚ ಪಾಂಡವರು' ಅಂತ ಕೊಂಡಾಡಿದ ಐವರು ಮುಂಪಡೆ ಆಟಗಾರರಲ್ಲಿ ಇವರೊಬ್ಬರು. ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ನಮ್ಮ ಬೆಂಗಳೂರಿನಲ್ಲಿ ಆಡಿ ಬೆಳೆದವರು. ನಮ್ಮ ರಾಜ್ಯದ ಅಂದಿನ ಮೈಸೂರು ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದೆ ಅಂದರೆ ಇವತ್ತು ಎಷ್ಟು ಹುಡುಗರು ನಂಬುತ್ತಾರೆ? ಊರು ಬಿಟ್ಟು ಹೋದ ಆಟಗಾರನನ್ನು ಕೋಲ್ಕತ್ತ ನೆನಪಿಟ್ಟುಕೊಂಡಿದೆ, ಹೆತ್ತ ಊರು ಮರೆತಿದೆ. ನನಗೆ ಗೊತ್ತಿದ್ದ ಒಬ್ಬ ಆಟಗಾರ ಒಂದು ಕಂಪನಿಯ ತಂಡಕ್ಕೆ ವರ್ಷಗಟ್ಟಲೆ ಆಡಿದ. ಬೇರೆ ಕಡೆಯಿಂದ ಕರೆ ಬಂದಾಗ "ಅನ್ನ ಕೊಟ್ಟವರನ್ನು ಬಿಡಬಾರದು" ಅಂತ ಉಳಿದುಕೊಂಡ. ಮಂಡಿ ಹಾಳಾದ ಮೇಲೆ ತಂಡ ಅವನನ್ನು ಕೈಬಿಟ್ಟಿತು. ಅವನ ಬಗ್ಗೆ ಯಾವ ಪತ್ರಿಕೆಗೂ ಯಾರೂ ಪತ್ರ ಬರೆಯಲಿಲ್ಲ.

ನಿಮ್ಮ ಸಿಟ್ಟನ್ನು ನಾನು ಬೇಡ ಅನ್ನುವುದಿಲ್ಲ. ಆಟಗಾರನನ್ನು ಬಿಟ್ಟು ಅವನ ಮೇಲೆ ಕೂತವರ ಕಡೆ ಅದನ್ನು ತಿರುಗಿಸಿ ಅಂತಷ್ಟೇ ಕೇಳುತ್ತೇನೆ. ಇನ್ನೊಂದು ಮಾತು, ಎಲ್ಲ ಓದುಗರಿಗೂ. ನಿಮ್ಮ ಮನೆಯ ಹಿರಿಯರು ಅಹ್ಮದ್ ಖಾನ್ ಆಟವನ್ನು ಕಣ್ಣಾರೆ ಕಂಡಿದ್ದರೆ, ಹಳೇ ಟಿಕೆಟ್ಟೋ ಫೋಟೋನೋ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಅವರ ನೆನಪುಗಳನ್ನು ಬರೆಸಿ ನಮಗೆ ಕಳಿಸಿ. ಬರುವ ಸಂಚಿಕೆಗಳಲ್ಲಿ ಅದಕ್ಕೆ ಬೇಕಾದಷ್ಟು ಪುಟ ಕೊಡುತ್ತೇವೆ.

– ಸಂಪಾದಕ