ಅಂಡಮಾನ್‌ನಲ್ಲಿ ಒಂಬತ್ತು ರಾತ್ರಿ: ರೂಮ್ ಎಲ್ಲಿ ಹಿಡಿಯಬೇಕು?

ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಅಂಡಮಾನ್‌ಗೆ ಹೊರಟು, ಒಂಬತ್ತೂ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ (ಈಗಿನ ಹೆಸರು ಶ್ರೀ ವಿಜಯ ಪುರಂ) ಉಳಿದು ಹ್ಯಾವ್‌ಲಾಕ್ (ಈಗ ಸ್ವರಾಜ್ ದ್ವೀಪ), ನೀಲ್ (ಈಗ ಶಹೀದ್ ದ್ವೀಪ) ಎರಡು ದ್ವೀಪಕ್ಕೂ ಬೆಳಿಗ್ಗೆ ಹೋಗಿ ಸಂಜೆ ಬರ್ತೀನಿ ಅಂದಿದ್ದೀರಲ್ಲ, ಲೆಕ್ಕ ತಪ್ಪುತ್ತಿರುವುದು ಅಲ್ಲೇ. ಹ್ಯಾವ್‌ಲಾಕ್‌ಗೆ ಖಾಸಗಿ ಫೆರ್ರಿಗೇ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗಿಗೆ ಇನ್ನೂ ಹೆಚ್ಚು. ಐದೂವರೆ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ. ಮಂಡಿನೋವಿನ ಅಮ್ಮನನ್ನು ದಿನಾ ಹಡಗು ಹತ್ತಿಸಿ ಇಳಿಸುವುದು ಬೇಡ.

ಮೊದಲು ಫೆರ್ರಿ ಟಿಕೆಟ್, ಆಮೇಲೆ ರೂಮ್. ಸೇತುವೆ ಆಗುವ ಮೊದಲು ಇದ್ದ ನಮ್ಮ ಸಿಗಂದೂರು ಲಾಂಚ್ ಥರ ದಡಕ್ಕೆ ಹೋಗಿ ಹತ್ತುವಂಥದ್ದಲ್ಲ ಇದು. ಗುರುತಿನ ಚೀಟಿ ಕೊಟ್ಟು ಮುಂಗಡ ಮಾಡಿಸಿ. ಪೋರ್ಟ್ ಬ್ಲೇರ್ 2 ರಾತ್ರಿ (ಸೆಲ್ಯುಲರ್ ಜೈಲಿಗೆ ಯಾವ ದಿನ ರಜೆ ಅಂತ ಮೊದಲೇ ವಿಚಾರಿಸಿಕೊಳ್ಳಿ), ಹ್ಯಾವ್‌ಲಾಕ್ 4, ನೀಲ್ 2, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್ 1. ಆ ಕೊನೆಯ ರಾತ್ರಿ ದಂಡ ಅನ್ನಿಸಿದರೂ ತೆಗೀಬೇಡಿ. ಗಾಳಿ ಜೋರಾದರೆ ಫೆರ್ರಿ ರದ್ದಾಗುತ್ತದೆ, ವಿಮಾನ ಕಾಯಲ್ಲ.

ಹ್ಯಾವ್‌ಲಾಕ್‌ನಲ್ಲಿ ಮಾತ್ರ ಜಾಗ ನೋಡಿ ಆರಿಸಿ. ಗೋವಿಂದನಗರ, ವಿಜಯನಗರ ಬೀಚ್‌ಗಳ ಕಡೆ ಹೋಟೆಲು, ಅಂಗಡಿ ಎಲ್ಲ ಇದೆ. ಆದರೆ ಇಳಿತದ ಹೊತ್ತಿಗೆ ನೀರು ದೂರ ಸರಿದು ಚೂಪು ಹವಳದ ಕಲ್ಲು ಮೇಲೇಳುತ್ತದೆ, ಬರಿಗಾಲಿಗೆ ಕಷ್ಟ, ಈಜಂತೂ ಆಗಲ್ಲ. ಈಜಿಗೆ ಮರಳಿನ ರಾಧಾನಗರ ಬೀಚೇ ಸರಿ. ಜೆಟ್ಟಿಯಿಂದ ಸುಮಾರು 12 ಕಿ.ಮೀ., ರೂಮ್ ಕಡಿಮೆ, ದುಬಾರಿ. ನಾನಾದರೆ ವಿಜಯನಗರದಲ್ಲಿ ಮೆಟ್ಟಿಲಿಲ್ಲದ ರೂಮ್ ಹಿಡಿದು ರಾಧಾನಗರಕ್ಕೆ ಆಟೊ ಮಾಡುತ್ತೇನೆ. ಹೋಗಿಬರುವ ಬಾಡಿಗೆ ಮೊದಲೇ ಮಾತಾಡಿ.

ನೀಲ್‌ನಲ್ಲಿ ಭರತ್‌ಪುರ ಬೀಚ್ ಜೆಟ್ಟಿ ಪಕ್ಕದಲ್ಲೇ, ಅಲ್ಲೇ ಹಿಡಿಯಿರಿ.

ಕೊಯ್ಲಿನ ನಡುವೆ ಡಿಸೆಂಬರ್‌ನಲ್ಲಿ ಹೊರಡುವ ಬದಲು ಅಡಿಕೆ ಕೆಲಸ ಮುಗಿಸಿ ಮಾರ್ಚ್‌ಗೆ ಹಾಕಿ, ಸಮುದ್ರವೂ ಶಾಂತವಾಗಿರುತ್ತದೆ. ರೂಮ್ ಬುಕ್ ಮಾಡುವಾಗ ರದ್ದಾದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಆರಿಸಿ.