ಮ್ಯೂನಿಕ್‌ನ ತಂಡದಲ್ಲಿ ‘ನೋಡೋಣ’ ಎನ್ನುವ ಮುನ್ನ

ಬೆಂಗಳೂರಿನಲ್ಲಿ ಆರು ವರ್ಷ ಬ್ಯಾಕೆಂಡ್, ಅಂದರೆ ಸಾಫ್ಟ್‌ವೇರಿನ ತೆರೆಮರೆಯ ಭಾಗದ, ಕೆಲಸ ಮಾಡಿ ಮುಂದಿನ ತಿಂಗಳು ಮ್ಯೂನಿಕ್‌ಗೆ ಬರಲಿರುವ ನೀವು, ಇಲ್ಲಿನ ತಂಡದವರೊಡನೆ ಹೊಂದಿಕೊಳ್ಳುವುದು ಕಷ್ಟವೇ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳ ಹಿಂದೆ ಬಂದ ನನಗೆ ಮೊದಲು ತೊಡಕಾದದ್ದು ‘ನೋಡೋಣ’ ಎಂಬ ನಮ್ಮದೇ ಮಾತು.

ಮುಖಕ್ಕೆ ಹೊಡೆದಂತೆ ‘ಆಗುವುದಿಲ್ಲ’ ಎನ್ನಲು ಮನಸ್ಸಾಗದೆ ನಾವು ‘ನೋಡೋಣ’ ಎನ್ನುತ್ತೇವೆ, ಕೇಳಿದವರಿಗೂ ಅದರ ಅರ್ಥ ತಿಳಿದಿರುತ್ತದೆ. ಅದನ್ನೇ ನಾನು ಇಲ್ಲಿ ಇಂಗ್ಲಿಷಿನಲ್ಲಿ ಹೇಳಿದಾಗ, ಸಹೋದ್ಯೋಗಿಯೊಬ್ಬರು ಆ ಟಿಕೆಟ್ಟನ್ನು, ಅಂದರೆ ಕೇಳಿದ ಕೆಲಸದ ನಮೂದನ್ನು, ನನ್ನ ಹೆಸರಿಗೆ ಹಾಕಿ, ಸ್ಪ್ರಿಂಟಿಗೆ, ಅಂದರೆ ಎರಡು ವಾರದ ಕೆಲಸದ ಕಂತಿಗೆ, ಸೇರಿಸಿ, ಅದನ್ನೇ ನಂಬಿ ತಮ್ಮ ಪಾಲಿನ ಕೆಲಸವನ್ನೂ ಹೊಂದಿಸಿಕೊಂಡಿದ್ದರು. ಎರಡನೆಯ ಗುರುವಾರದ ಸ್ಟ್ಯಾಂಡ್‌ಅಪ್‌ನಲ್ಲಿ, ಅಂದರೆ ತಂಡದ ದಿನದ ಪುಟ್ಟ ಸಭೆಯಲ್ಲಿ, ನಾನು ತಡವರಿಸಿದಾಗ ಅವರು ಸಿಟ್ಟಾಗಲಿಲ್ಲ. ‘ಮೊದಲ ದಿನವೇ ಏಕೆ ಹೇಳಲಿಲ್ಲ?’ ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಕೋಡ್ ರಿವ್ಯೂನಲ್ಲಿಯೂ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವಾಗಲೂ, ಇದೇ ಧಾಟಿ. ‘ಇದು ತಪ್ಪು, ಒಂದೇ ವಿನಂತಿ ಎರಡು ಸಲ ಬಂದರೆ ಗ್ರಾಹಕನ ಹಣ ಎರಡು ಸಲ ಕಡಿತವಾಗುತ್ತದೆ’ ಎಂದು ಮುಲಾಜಿಲ್ಲದೆ ಬರೆದಾತನೇ ಹನ್ನೆರಡು ಗಂಟೆಗೆ ‘ಮಾಲ್‌ತ್ಸೈಟ್’ ಎಂಬ ಮಧ್ಯಾಹ್ನದೂಟದ ಹೊತ್ತಿನ ಶುಭಾಶಯ ಹೇಳುತ್ತ ಊಟಕ್ಕೆ ಕರೆಯಲು ಬಂದ. ಮುನಿಸಿಕೊಂಡು ಹಸಿವಿಲ್ಲವೆಂದು ಕುಳಿತಿದ್ದೆನಲ್ಲ ಎಂದು ಈಗ ನಗು ಬರುತ್ತದೆ. ಒಪ್ಪಿಗೆಯಾಗದಿದ್ದರೆ ಕಾರಣ ಸಹಿತ ಬರೆಯಿರಿ. ಕಾರಣ ಗಟ್ಟಿಯಾಗಿದ್ದರೆ ಎದುರಿನವರು ಸಂಕೋಚವಿಲ್ಲದೆ ಒಪ್ಪುತ್ತಾರೆ. ಸಾವಿರ ಸಾಲಿನ ಬದಲಾವಣೆಯನ್ನು ಮಾತ್ರ ಒಮ್ಮೆಗೇ ಯಾರ ಮುಂದೆಯೂ ಸುರಿಯಬೇಡಿ.

ಇಂತಹ ಬಹಳಷ್ಟು ತಂಡಗಳಲ್ಲಿ ಮ್ಯಾನೇಜರನ್ನೂ ‘ದು’, ಅಂದರೆ ನೀನು, ಎಂದೇ ಮಾತನಾಡಿಸುತ್ತಾರೆ. ಸರ್ಕಾರಿ ಕಚೇರಿಗೆ ಹೋದಾಗ ‘ಜೀ’, ಅಂದರೆ ನೀವು. ಈ ಭೇದ ನಮಗೆ ಹೊಸದಲ್ಲ, ಆದರೆ ಮೇಲಿನವರಿಗೆ ‘ದು’ ಎನ್ನಲು ನನ್ನ ನಾಲಿಗೆ ತಿಂಗಳುಗಟ್ಟಲೆ ಏಳಲಿಲ್ಲ. ಸಭೆಗಳು ಇಂಗ್ಲಿಷಿನಲ್ಲಿ ನಡೆದರೂ ಕಾಫಿ ಯಂತ್ರದ ಬಳಿಯ ಮಾತು ಜರ್ಮನ್‌ನಲ್ಲಿಯೇ, ಮತ್ತು ನಮ್ಮಲ್ಲಿ ಎಷ್ಟೋ ನಿರ್ಧಾರಗಳು ಅಲ್ಲಿಯೇ ಅರ್ಧ ಹಣ್ಣಾಗಿರುತ್ತವೆ. ಆದ್ದರಿಂದ ಬಿ1 ಮಟ್ಟದವರೆಗಾದರೂ, ಅಂದರೆ ದಿನಬಳಕೆಯ ಮಾತುಕತೆ ನಡೆಸುವಷ್ಟಾದರೂ, ಭಾಷೆ ಕಲಿಯಿರಿ.

ಮೊದಲ 6 ತಿಂಗಳು ಸಾಮಾನ್ಯವಾಗಿ ‘ಪ್ರೋಬೆತ್ಸೈಟ್’, ಅಂದರೆ ಪರೀಕ್ಷಾವಧಿ; ಆಗ 2 ವಾರಗಳ ನೋಟಿಸಿನಲ್ಲಿ ಕಂಪನಿಯೂ ನಿಮ್ಮನ್ನು ಬಿಡಬಹುದು, ನೀವೂ ಕಂಪನಿಯನ್ನು ಬಿಡಬಹುದು. ಆ ಅಂಜಿಕೆಯಲ್ಲಿ ಎಲ್ಲದಕ್ಕೂ ಹೂಂಗುಟ್ಟಿ, ರಾತ್ರಿಯೆಲ್ಲ ಕೂತು, ಕೊನೆಗೂ ಮುಗಿಸಲಾಗದೆ ಒದ್ದಾಡಿದವರನ್ನು ಕಂಡಿದ್ದೇನೆ. ಕೆಲಸ ಮುಗಿಯುವ ದಿನವನ್ನು ಕೇಳಿದರೆ ದಿನವನ್ನೇ ಹೇಳಿ. ಅದು ತಪ್ಪುವ ಸುಳಿವು ಸಿಕ್ಕಿದ ಮರುಗಳಿಗೆಯೇ ತಿಳಿಸಿ.

ಅಂದಹಾಗೆ, ಇಲ್ಲಿ ಹುಟ್ಟುಹಬ್ಬವಿರುವವರೇ ಆಫೀಸಿಗೆ ಕೇಕ್ ತರಬೇಕು. ನಾನು ಮೈಸೂರು ಪಾಕ್ ಒಯ್ಯುತ್ತೇನೆ.